ಒಂದು ಲೈಟಿಗೆ ಮೂರು ಸಲ: ಹುಮನಾಬಾದ್ ರಸ್ತೆಯ ಬೋರ್ಡಿಲ್ಲದ ವೈರಿಂಗ್ ಅಂಗಡಿ

ಅಂಗಡಿಗೆ ಬೋರ್ಡ್ ಇಲ್ಲ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಲಾರಿ ಗ್ಯಾರೇಜುಗಳು ಸಿಗುತ್ತವಲ್ಲ, ಅಲ್ಲಿ ಪಂಕ್ಚರ್ ಅಂಗಡಿಗೂ ಬ್ಯಾಟರಿ ಚಾರ್ಜ್ ಮಾಡುವವರಿಗೂ ನಡುವೆ ಒಂದು ತಗಡಿನ ಶೆಡ್. ಬಾಗಿಲಲ್ಲಿ ಸುಟ್ಟ ಸ್ಟಾರ್ಟರ್ ಮೋಟಾರುಗಳ ಗುಡ್ಡೆ. ಒಳಗೆ ಒಂದು ಬೆಂಚು, ಒಂದು ಟೇಬಲ್ ಫ್ಯಾನು, ಗೋಡೆ ತುಂಬ ಮೊಳೆಗೆ ನೇತುಹಾಕಿದ ವೈರಿನ ಸುರುಳಿಗಳು. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ವಯಸ್ಸು ಅರವತ್ತರ ಹತ್ತಿರ. ಕನ್ನಡಕದ ಒಂದು ಕಡ್ಡಿಗೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿದ್ದಾರೆ.

ನಾನು ಮೆಕ್ಯಾನಿಕ್ ಅಲ್ಲ. ಗಂಜಿನಲ್ಲಿ, ಅಂದರೆ ನಮ್ಮೂರ ಧಾನ್ಯದ ಪೇಟೆಯಲ್ಲಿ, ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುವವನು. ಆದರೆ ನಾನೂ ನನ್ನ ಕಾಕಾನ ಮಗನೂ ಸೇರಿ ಎರಡು ವರ್ಷ ಭಾನುವಾರ ಭಾನುವಾರ ಕೂತು ಒಂದು ಗಾಡಿ ಕಟ್ಟಿದ್ದೇವೆ. ಕಬ್ಬಿಣದ ಪೈಪಿನ ಚಾಸಿ, ಎರಡು ಸೀಟು, ಫೈಬರ್ ಬಾಡಿ, ಹಳೆ ಮಾರುತಿ 800ರ ಎಂಜಿನ್. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್ ಕಾಲದ್ದು. ಆಳಂದ ರಸ್ತೆ ಕಡೆ ನಮ್ಮ ಹೊಲದಲ್ಲಿ ಅದರ ಓಡಾಟ. ರಸ್ತೆಗೆ ತರುವುದಿಲ್ಲ, ತರುವ ಹಾಗೂ ಇಲ್ಲ. ಹೀಗೆ ಮನೆಯಲ್ಲಿ ಕಟ್ಟಿದ ಗಾಡಿಗೆ ಆರ್‌ಸಿ ಬೇಕೆಂದರೆ ಪುಣೆಯ ಎಆರ್‌ಎಐ ಥರದ ವಾಹನ ಪರೀಕ್ಷೆ ಸಂಸ್ಥೆಯಲ್ಲಿ ಟೈಪ್ ಅಪ್ರೂವಲ್, ಅಂದರೆ ಈ ಮಾದರಿ ರಸ್ತೆಗೆ ಸರಿ ಅನ್ನುವ ಒಪ್ಪಿಗೆ, ಆಗಬೇಕು. ಅಷ್ಟು ದುಡ್ಡಿದ್ದರೆ ನಾನು ಕಾರನ್ನೇ ಕೊಳ್ಳುತ್ತಿದ್ದೆ, ಅಲ್ವಾ?

ಪೆಟ್ರೋಲ್ ಟ್ಯಾಂಕು ಸೀಟಿನ ಹಿಂದೆ ಇದೆ. ಅಗಲ 60 ಸೆಂಟಿಮೀಟರ್, ಉದ್ದ 30, ಎತ್ತರ ಬರೀ 11. ರೊಟ್ಟಿ ಬುಟ್ಟಿಯ ಹಾಗೆ ಚಪ್ಪಟೆ. ಅದರಲ್ಲಿ ಸುಮಾರು 20 ಲೀಟರ್ ಹಿಡಿಯುತ್ತದೆ. ಮೊದಲು ಕಾರಿನ ಫ್ಲೋಟನ್ನೇ ಹಾಕಿ ನೋಡಿದೆವು, ಪೆಟ್ರೋಲಿನ ಮೇಲೆ ತೇಲುತ್ತಾ ಗೇಜಿನ ಮುಳ್ಳು ಆಡಿಸುವುದು. ಅದರ ಕೈ ಮೇಲೆ ಕೆಳಗೆ ಆಡಲು ಜಾಗವೇ ಸಾಲಲಿಲ್ಲ, ಆಡಿದಷ್ಟೂ ಪೆಟ್ರೋಲ್ ಕುಲುಕದಂತೆ ನಡುವೆ ಹಾಕಿದ ತಡೆಪ್ಲೇಟಿಗೆ ಬಡಿಯುತ್ತಿತ್ತು. ಮುಳ್ಳು ಯಾವಾಗಲೂ ಅರ್ಧಕ್ಕೆ ನಿಂತಿರುತ್ತಿತ್ತು. ಆಗ ನನ್ನ ತಮ್ಮ ಹೈದರಾಬಾದಿನ ಗುಜರಿಯಿಂದ ಒಂದು ದೊಡ್ಡ ಜಪಾನಿ ಬೈಕಿನ ಫ್ಯೂಯೆಲ್ ವಾರ್ನಿಂಗ್ ಸೆನ್ಸರ್ ತಂದ. ಕಿರುಬೆರಳಿನಷ್ಟು ಉದ್ದ, ತೂತು ತೂತಿನ ಸಣ್ಣ ಲೋಹದ ಟೊಪ್ಪಿ, ಎರಡು ವೈರು. ಗೇಜು ಇಲ್ಲದಿದ್ದರೆ ಹೋಗಲಿ, ಪೆಟ್ರೋಲ್ ಮುಗಿಯುತ್ತಾ ಬಂದಾಗ ಒಂದು ಲೈಟ್ ಹತ್ತಿದರೆ ಸಾಕು ಅಂತ ಲೆಕ್ಕ ಹಾಕಿದೆವು.

ಉಸ್ತಾದ್ ಹತ್ತಿರ ಹೋಗುವ ಮುಂಚೆ ಇನ್ನೊಂದು ಕಡೆ ಕೊಟ್ಟಿದ್ದೆ. ಹೆಸರು ಬೇಡ. ಅಲ್ಲಿನ ಹುಡುಗ ಡ್ಯಾಶ್‌ಗೆ ಚಂದದ 12 ವೋಲ್ಟಿನ ಹಳದಿ ಎಲ್‌ಇಡಿ ಕೂರಿಸಿ, ಅದರಿಂದ ಸೀದಾ ಸೆನ್ಸರಿಗೆ ವೈರ್ ಎಳೆದು 400 ರೂಪಾಯಿ ತೆಗೆದುಕೊಂಡ. ಇಗ್ನಿಷನ್ ಆನ್ ಮಾಡಿದರೆ ಲೈಟ್ ಹತ್ತಿತು. ಖುಷಿಯಾಯಿತು. ಪೆಟ್ರೋಲ್ ತುಂಬಿಸಿದೆವು, ಆಗಲೂ ಹತ್ತಿತ್ತು. ಟ್ಯಾಂಕ್ ತುಂಬಿದರೂ ಅದೇ ಹಳದಿ, ಖಾಲಿಯಾದರೂ ಅದೇ ಹಳದಿ. ಕೇಳಿದರೆ, ಸೆನ್ಸರ್ ಸತ್ತಿದೆ, ಹೊಸದಕ್ಕೆ 1,800 ಆಗುತ್ತದೆ ಅಂದ. ಹೋಗಲಿ ಅಂತ ಸುಮ್ನೆ ಬಂದೆ. ಉರಿಯುವ ಲೈಟು ನೋಡಿ ನೋಡಿ ಕಣ್ಣಿಗೆ ರೂಢಿಯಾಯಿತು. ಒಂದು ಮಧ್ಯಾಹ್ನ ತೊಗರಿ ಕೊಯ್ದ ಹೊಲದ ಆ ತುದಿಯಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಕಾರ್ಬುರೇಟರ್ ಬಿಚ್ಚಿ ಊದಿದೆವು, ಪ್ಲಗ್ ಉಜ್ಜಿದೆವು. ಮುಕ್ಕಾಲು ಗಂಟೆ ಆದ ಮೇಲೆ ನನ್ನ ತಮ್ಮ ಟ್ಯಾಂಕಿನ ಮುಚ್ಚಳ ತೆಗೆದು ಮೂಗಿಟ್ಟು ನೋಡಿದ. ಒಣ ಬಾವಿ. ಶೆಡ್ಡಿಗೆ ತಳ್ಳಿಕೊಂಡು ಬಂದೆವು. ತೊಗರಿ ಕೂಳೆಯ ಮೇಲೆ ಗಾಡಿ ತಳ್ಳಿದವರಿಗೇ ಗೊತ್ತು ಆ ಸುಖ.

ಮರುದಿನ ಮಿಲ್ಲಿನ ಲಾರಿ ಡ್ರೈವರ್ ಒಬ್ಬ ಈ ಬೋರ್ಡಿಲ್ಲದ ಅಂಗಡಿ ಹೇಳಿದ.

ಸೆನ್ಸರು ಮತ್ತು ಎಲ್‌ಇಡಿ ಎರಡನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದೆ. ಉಸ್ತಾದ್ ಸೆನ್ಸರನ್ನು ಕಿವಿ ಹತ್ತಿರ ಅಲ್ಲಾಡಿಸಿ ನೋಡಿದರು. ಆಮೇಲೆ ಒಂದು ಸ್ಟೀಲ್ ಲೋಟದಲ್ಲಿ ಅರ್ಧ ಡೀಸೆಲ್ ಹಾಕಿದರು. ಪೆಟ್ರೋಲ್ ಯಾಕೆ ಬೇಡ ಅಂದೆ. ಮೂಲೆಯಲ್ಲಿ ಕಾದು ಕೂತಿದ್ದ ಸೋಲ್ಡರಿಂಗ್ ಐರನ್ ಕಡೆ ಗದ್ದ ತೋರಿಸಿದರು, ಅಷ್ಟೇ. ಬ್ಯಾಟರಿಯ ಪ್ಲಸ್ಸಿನಿಂದ ಒಂದು ಸಣ್ಣ ಬೈಕ್ ಬಲ್ಬು, 12 ವೋಲ್ಟ್ 3.4 ವ್ಯಾಟಿನದು. ಬಲ್ಬಿನಿಂದ ಸೆನ್ಸರಿಗೆ, ಸೆನ್ಸರಿನಿಂದ ಮೈನಸ್ಸಿಗೆ. ಸೆನ್ಸರ್ ಲೋಟದಲ್ಲಿ ಮುಳುಗಿತ್ತು. ಬಲ್ಬ್ ಹತ್ತಲಿಲ್ಲ.

ಆಮೇಲೆ ಮೇಲೆತ್ತಿ ಹಿಡಿದರು. ಡೀಸೆಲ್ ತೊಟ್ಟಿಕ್ಕಿ ನಿಂತಿತು. ಏನೂ ಆಗಲಿಲ್ಲ. ನಾನು ಅವರ ಮುಖ ನೋಡಿದೆ, ಅವರು ಫ್ಯಾನ್ ಆಫ್ ಮಾಡಿ ಹೊರಗೆ ರಸ್ತೆ ನೋಡುತ್ತಾ ನಿಂತಿದ್ದರು. ಅರ್ಧ ನಿಮಿಷ ಕಳೆಯಿತು. ಬಲ್ಬಿನೊಳಗೆ ಬೀಡಿ ತುದಿಯ ಹಾಗೆ ಒಂದು ಕೆಂಪು ಗೆರೆ ಕಂಡಿತು. ಕೆಂಪು ಕಿತ್ತಳೆಯಾಯಿತು, ಕಿತ್ತಳೆ ಹಳದಿಯಾಯಿತು, ಬಲ್ಬ್ ಪೂರ್ತಿ ಹತ್ತಿತು. ಮತ್ತೆ ಲೋಟದಲ್ಲಿ ಅದ್ದಿದರು. ಮೂರ್ನಾಲ್ಕು ಸೆಕೆಂಡಿನಲ್ಲಿ ಆರಿತು.

‘ಸೆನ್ಸರ್ ಸತ್ತಿಲ್ರೀ ಸರ್,’ ಅಂದರು. ‘ನೀವು ಅದಕ್ಕ ಉಪವಾಸ ಕೆಡವೀರಿ.’

ಆ ಮಾತಿನ ಅರ್ಥ ನನಗೆ ಹೊಳೆಯಲು ಒಂದು ಚಹಾ ಬೇಕಾಯಿತು. ಸೆನ್ಸರಿನೊಳಗೆ ಇರುವುದು ಥರ್ಮಿಸ್ಟರ್. ತಣ್ಣಗಿದ್ದಾಗ ಕರೆಂಟನ್ನು ತಡೆಯುತ್ತದೆ, ಬಿಸಿಯಾದ ಹಾಗೆ ಬಿಡುತ್ತಾ ಹೋಗುತ್ತದೆ. ಅದರ ಮೂಲಕ ಕರೆಂಟ್ ಹರಿದರೆ ಅದು ತಾನೇ ಬಿಸಿಯಾಗುತ್ತದೆ. ಪೆಟ್ರೋಲಿನಲ್ಲಿ ಮುಳುಗಿದ್ದರೆ ಆ ಬಿಸಿಯನ್ನು ಪೆಟ್ರೋಲು ಎಳೆದುಕೊಳ್ಳುತ್ತದೆ. ಪೆಟ್ರೋಲ್ ಕೆಳಗಿಳಿದು ಸೆನ್ಸರ್ ಬಯಲಾಯಿತು ಅಂದರೆ ಬಿಸಿ ಹೋಗಲು ದಾರಿಯಿಲ್ಲ. ಬಿಸಿ ಏರಿದಷ್ಟೂ ಕರೆಂಟ್ ಜಾಸ್ತಿ, ಕರೆಂಟ್ ಏರಿದಷ್ಟೂ ಬಿಸಿ ಜಾಸ್ತಿ. ಕೊನೆಗೆ ಬಲ್ಬ್ ಹತ್ತುತ್ತದೆ. ಫ್ಲೋಟಿಲ್ಲ, ಮುಳ್ಳಿಲ್ಲ, ಅಲ್ಲಾಡುವ ಭಾಗ ಒಂದೂ ಇಲ್ಲ. ಆ 3.4 ವ್ಯಾಟಿನ ಬಲ್ಬು ಪೂರ್ತಿ ಹತ್ತಿದಾಗ ಎಳೆಯುವುದು ಕಾಲು ಆಂಪಿಯರಿಗಿಂತ ಸ್ವಲ್ಪ ಮೇಲೆ. ‘ಪಾವ್ ಆಂಪಿಯರ್’ ಅಂದರು ಉಸ್ತಾದ್. ನನ್ನ ಎಲ್‌ಇಡಿ ಹಾದು ಹೋಗುತ್ತಿದ್ದದ್ದು ಎಷ್ಟು ಅಂತ ಮನೆಗೆ ಹೋಗಿ ಮೀಟರ್ ಹಿಡಿದೆ: 6 ಮಿಲಿ ಆಂಪಿಯರ್, ಕಾಲು ಆಂಪಿಯರಿನ ನಲವತ್ತನೇ ಒಂದು ಪಾಲೂ ಅಲ್ಲ. ಎಲ್‌ಇಡಿ ಬೆಳಗಲು ಅಷ್ಟು ಸಾಕು, ಹಾಗಾಗಿ ಟ್ಯಾಂಕ್ ತುಂಬಿದ್ದರೂ ಉರಿಯುತ್ತಿತ್ತು. ಸೆನ್ಸರ್ ಬಿಸಿಯಾಗಲು ಅದು ಯಾವ ಮೂಲೆಗೂ ಸಾಲದು, ಹಾಗಾಗಿ ಖಾಲಿಯಾದರೂ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಎಮ್ಮೆಗೆ ಒಂದು ಹಿಡಿ ಹುಲ್ಲು ಹಾಕಿ ಹಾಲು ಕೊಡಲಿಲ್ಲ ಅಂತ ಬೈದ ಹಾಗೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಲಿನ ಅಂಗಡಿಯ ಹುಡುಗ ಸೆನ್ಸರಿಗೆ ಡೈರೆಕ್ಟ್ 12 ವೋಲ್ಟ್ ಕೊಟ್ಟು ನೋಡೋಣ ಅಂದಿದ್ದ. ಅದನ್ನು ಹೇಳಿದಾಗ ಉಸ್ತಾದ್ ಕನ್ನಡಕ ತೆಗೆದರು. ಬಲ್ಬು ಬರೀ ದೀಪ ಅಲ್ಲ, ಅದೇ ಬ್ರೇಕು. ಬಲ್ಬಿಲ್ಲದೆ ಸೀದಾ ಕೊಟ್ಟರೆ ಸೆನ್ಸರಿನ ಬಿಸಿಗೆ ಹಿಡಿತವೇ ಇರುವುದಿಲ್ಲ. ಅದೂ ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿನೊಳಗೆ. ಯಾರಾದರೂ ಹಾಗೆ ಮಾಡಲು ಹೊರಟಿದ್ದರೆ ದಯವಿಟ್ಟು ಬೇಡ.

ನಮ್ಮಿಬ್ಬರಿಗೂ ಜಗಳ ಆಗಿದ್ದು ಬಲ್ಬಿನ ವಿಷಯಕ್ಕೆ. ಅವರು ಎಲ್‌ಇಡಿ ಕಿತ್ತುಹಾಕಿ, ಬಲ್ಬೇ ಇರಲಿ ಅಂದರು. ನನ್ನ ಗಾಡಿಗೆ ಟಾಪ್ ಇಲ್ಲ. ನಮ್ಮೂರ ಬಿಸಿಲು ಗೊತ್ತಲ್ಲ? ಮಧ್ಯಾಹ್ನ 12 ಗಂಟೆಗೆ ಡ್ಯಾಶ್ ಮೇಲೆ 3.4 ವ್ಯಾಟಿನ ಬಲ್ಬು ಹತ್ತಿದೆಯೋ ಇಲ್ಲವೋ ಅಂತ ಕೈ ಅಡ್ಡ ಹಿಡಿದು ನೋಡಬೇಕು. ಎಲ್‌ಇಡಿಯೇ ಬೇಕು ಅಂತ ಹಟ ಹಿಡಿದೆ. ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಸೂಪರ್ ಮಾರ್ಕೆಟ್ ಹತ್ತಿರ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ 47 ಓಮ್, 5 ವ್ಯಾಟ್ ರೆಸಿಸ್ಟರ್ ತರಲು ಹೇಳಿ ಕಳಿಸಿದರು. ಬಿಳಿ ಸಿಮೆಂಟಿನ ಪುಟ್ಟ ಇಟ್ಟಿಗೆಯ ಹಾಗಿರುತ್ತದೆ, 10 ರೂಪಾಯಿ. ಎಲ್‌ಇಡಿಯ ಎರಡೂ ಕಾಲಿಗೆ ಅಡ್ಡಲಾಗಿ ಅದನ್ನು ಕಟ್ಟಿದರು. ಈಗ ಸೆನ್ಸರಿಗೆ ಬೇಕಾದ ಊಟ ರೆಸಿಸ್ಟರಿನ ಮೂಲಕ ಹೋಗುತ್ತದೆ, ಎಲ್‌ಇಡಿ ಪಕ್ಕದಲ್ಲಿ ಕೂತು ಸುದ್ದಿ ಹೇಳುತ್ತದೆ. ಸೆನ್ಸರ್ ತಣ್ಣಗಿದ್ದರೆ ರೆಸಿಸ್ಟರಿನ ಮೇಲೆ ಒಂದು ವೋಲ್ಟಿನಷ್ಟೂ ಉಳಿಯುವುದಿಲ್ಲ, ಎಲ್‌ಇಡಿ ಕಣ್ಣು ಬಿಡುವುದಿಲ್ಲ. ಸೆನ್ಸರ್ ಬಿಸಿಯಾದರೆ ವೋಲ್ಟೇಜು ಇಲ್ಲಿಗೆ ಬರುತ್ತದೆ, ಹತ್ತುತ್ತದೆ. ಮತ್ತೆ ಲೋಟ, ಮತ್ತೆ ಡೀಸೆಲ್. ಮುಳುಗಿಸಿದರೆ ಕತ್ತಲು. ಎತ್ತಿ ಹಿಡಿದರೆ ಮುಕ್ಕಾಲು ನಿಮಿಷದಲ್ಲಿ ಹಳದಿ. ನಾನು ನಾಲ್ಕು ಸಲ ಮಾಡಿಸಿದೆ. ಐದನೇ ಸಲಕ್ಕೆ ಅವರು ಲೋಟ ಎತ್ತಿಟ್ಟರು.

ಎರಡನೇ ಸಲ ಟ್ಯಾಂಕನ್ನೇ ಒಯ್ದೆ, ಖಾಲಿ ಮಾಡಿ ಎರಡು ದಿನ ಗಾಳಿಗಿಟ್ಟು. ಫ್ಲೋಟ್ ಕೂರಿಸಲು ಮಾಡಿದ್ದ ತೂತು, ಐದು ಸ್ಕ್ರೂ, ಪ್ಲೇಟು ಮೇಲೆ ಹಾಗೇ ಇದ್ದವು. ಅದಕ್ಕೇ ಒಂದು ಹಿತ್ತಾಳೆ ಕೊಳವೆ ಇಳಿಬಿಟ್ಟು ತುದಿಯಲ್ಲಿ ಸೆನ್ಸರ್ ಕಟ್ಟಿದರು. ವೆಲ್ಡಿಂಗ್ ತಂಟೆಯೇ ಬರಲಿಲ್ಲ. ಎಷ್ಟು ಇಳಿಬಿಡಬೇಕು? ಇದು ನನ್ನ ಕೆಲಸ, ಲೆಕ್ಕದವನಲ್ವಾ. 60 ಗುಣಿಸು 30, ಅಂದರೆ ಪ್ರತಿ ಸೆಂಟಿಮೀಟರಿಗೆ 1.8 ಲೀಟರ್. ನನಗೆ 3 ಲೀಟರ್ ಉಳಿದಾಗ ಲೈಟ್ ಬೇಕು. ಅಂದರೆ ತಳದಿಂದ 1.7 ಸೆಂಟಿಮೀಟರ್. ಉಸ್ತಾದ್ ನನ್ನ ಚೀಟಿ ನೋಡಿ ತಲೆಯಾಡಿಸಿದರು, ಆದರೆ ನಂಬಲಿಲ್ಲ. ಅಳತೆ ಡಬ್ಬಿಯಲ್ಲಿ ಮೂರು ಲೀಟರ್ ನೀರು ಸುರಿದು ಕಡ್ಡಿ ಅದ್ದಿ ಗೆರೆ ಎಳೆದರು. 1.8 ಬಂತು. ತಡೆಪ್ಲೇಟುಗಳೂ ಒಂದಿಷ್ಟು ಜಾಗ ತಿನ್ನುತ್ತವೆ ಅನ್ನುವುದನ್ನು ನಾನು ಬಿಟ್ಟಿದ್ದೆ.

ಪ್ಲೇಟಿನ ಕೆಳಗೆ ಕಾರ್ಕ್ ಗ್ಯಾಸ್ಕೆಟ್ ಕತ್ತರಿಸಿ ಹಾಕಿದರು. ನಾನು ಮನೆಯಿಂದ ಸಿಲಿಕಾನ್ ಟ್ಯೂಬ್ ತಂದಿದ್ದೆ. ಅದನ್ನು ನನ್ನ ಚೀಲಕ್ಕೇ ವಾಪಸ್ ಹಾಕಿದರು. ಮಾಮೂಲಿ ಸಿಲಿಕಾನ್ ಪೆಟ್ರೋಲ್ ಕುಡಿದು ಉಬ್ಬಿ ಕಿತ್ತುಬರುತ್ತದಂತೆ. ಬಚ್ಚಲಿಗೆ ಬಳಸ್ರಿ ಅಂದರು.

ಮೂರನೇ ಸಲ ಅವರೇ ಸ್ಕೂಟರ್ ಮೇಲೆ ಹೊಲಕ್ಕೆ ಬಂದರು. ಬಂದವರು ಮೊದಲು ಕೇಳಿದ್ದು ‘ಅರ್ಥಿಂಗ್ ಎಲ್ಲಿ?’ ಅಂತ. ಕಂಪನಿಯ ಕಾರಿನಲ್ಲಿ ತಗಡಿನ ಬಾಡಿಯೇ ಮೈನಸ್ಸು, ಎಲ್ಲಿ ಬೇಕಾದರೂ ಸ್ಕ್ರೂ ಹಾಕಿದರೆ ನಡೆಯುತ್ತದೆ. ನಮ್ಮದು ಫೈಬರ್. ಟ್ಯಾಂಕು ಕೂತಿರುವುದು ರಬ್ಬರ್ ಪ್ಯಾಡಿನ ಮೇಲೆ. ಹುಡುಗ ಹಾಕಿದ್ದ ಮೈನಸ್ ವೈರು ಫೈಬರಿನ ಒಂದು ಬೋಲ್ಟಿಗೆ ಸುತ್ತಿತ್ತು. ಆ ಬೋಲ್ಟಿನ ಇನ್ನೊಂದು ತುದಿ ಪೇಂಟ್ ಬಳಿದ ಪೈಪಿಗೆ ಅರೆಬರೆ ತಾಗುತ್ತಿತ್ತು. ಉಸ್ತಾದ್ ಚಾಸಿಯ ಪೈಪಿನ ಪೇಂಟು ರೂಪಾಯಿ ಅಗಲ ಕೆರೆದು, ವೈರಿನ ತುದಿಗೆ ಥಿಂಬಲ್ ಒತ್ತಿ ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಟ್ಯಾಂಕಿಗೂ ಬೇರೆ ಒಂದು ಅರ್ಥಿಂಗ್ ವೈರು ಕೊಟ್ಟರು. ಇಗ್ನಿಷನ್ ಕಡೆಯಿಂದ ಬರುವ ವೈರಿಗೆ 2 ಆಂಪಿಯರ್ ಫ್ಯೂಸು. ಅದು ಡ್ಯಾಶ್ ಕೆಳಗೆ, ಕೈಗೆ ಸಿಗುವ ಹಾಗೆ. ರೆಸಿಸ್ಟರನ್ನು ಒಂದು ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು ಪ್ಲಾಸ್ಟಿಕ್ಕಿನಿಂದ ದೂರ ಇಟ್ಟರು. ಲೈಟ್ ಹತ್ತಿರುವಾಗ ಮುಟ್ಟಿದರೆ ಬೆರಳು ಚುರ್ ಅನ್ನುತ್ತದೆ.

ನಾನು ಕೇಳದೆ ಮಾಡಿದ ಕೆಲಸ ಒಂದಿದೆ. ಈ ಥರದ ಲೈಟಿಗೆ ಒಂದು ಕೆಟ್ಟ ಗುಣ: ವೈರು ತುಂಡಾದರೂ, ಎಲ್‌ಇಡಿ ಸುಟ್ಟರೂ ಅದು ಸುಮ್ಮನಿರುತ್ತದೆ. ಸುಮ್ಮನಿದ್ದರೆ ನಾವು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ ಅಂದುಕೊಳ್ಳುತ್ತೇವೆ. ಅದಕ್ಕೆ ಡ್ಯಾಶ್ ಮೇಲೆ ಒಂದು ಒತ್ತುವ ಬಟನ್ ಹಾಕಿದರು. ಒತ್ತಿದರೆ ಸೆನ್ಸರಿನ ವೈರು ಸೀದಾ ಮೈನಸ್ಸಿಗೆ ಸೇರಿ ಲೈಟ್ ಹತ್ತುತ್ತದೆ. ಫ್ಯೂಸು, ಎಲ್‌ಇಡಿ ಸರಿಯಿವೆ ಅಂತ ಗೊತ್ತಾಗುತ್ತದೆ. ಸೆನ್ಸರ್ ಸರಿಯಿದೆಯೋ ಇಲ್ಲವೋ ಅದು ಹೇಳುವುದಿಲ್ಲ. ಒಂದೆರಡು ಸೆಕೆಂಡ್ ಒತ್ತಿ ಬಿಡಬೇಕು, ಹಿಡಿದುಕೊಂಡೇ ಕೂತರೆ ರೆಸಿಸ್ಟರ್ ಕಾಯುತ್ತದೆ. ಈಗ ಗಾಡಿ ಹತ್ತಿದ ಕೂಡಲೇ ನನ್ನ ತಮ್ಮ ಆ ಬಟನ್ ಒತ್ತುತ್ತಾನೆ, ಗುಡಿ ಗಂಟೆ ಹೊಡೆದ ಹಾಗೆ.

ದುಡ್ಡು: ಮಜೂರಿ 700, ಸಾಮಾನು 180. ಒಟ್ಟು 880. ಹೊಲಕ್ಕೆ ಬಂದು ಹೋದ ಪೆಟ್ರೋಲಿಗೆ 100 ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಒಂದು ಪ್ಲೇಟ್ ಸುಸಲಾ ಮಿರ್ಚಿಗೆ ಒಪ್ಪಿದರು. ಬಿಲ್ ಇಲ್ಲ. ಸಿಗರೇಟ್ ಪ್ಯಾಕಿನ ಹಿಂದೆ ಬರೆದುಕೊಟ್ಟರು, ಅದನ್ನು ಫೈಲಿಗೆ ಹಾಕಿಕೊಂಡಿದ್ದೇನೆ.

ತಪ್ಪುಗಳನ್ನೂ ಹೇಳಬೇಕಲ್ಲ. ಫೋನ್ ಎತ್ತುವುದಿಲ್ಲ, ಎತ್ತಿದರೂ ‘ಬರ್ರಿ’ ಅಂತ ಒಂದೇ ಮಾತು. ಮೊದಲ ಶುಕ್ರವಾರ ಮಧ್ಯಾಹ್ನ ಬರ್ರಿ ಅಂದದ್ದಕ್ಕೆ ಹೋದೆ, ಶಟರ್ ಎಳೆದಿತ್ತು. ನಮಾಜಿಗೆ ಹೋಗಿದ್ದಾರೆ, ನಾಲ್ಕರ ಮೇಲೆ ಸಿಗುತ್ತಾರೆ ಅಂತ ಪಂಕ್ಚರಿನವನು ಹೇಳಿದ. ಅಲ್ಲಿ ನಿಲ್ಲಲು ನೆರಳಿಲ್ಲ. ಇನ್ನೊಂದು ದೂರು ಸ್ವಲ್ಪ ದೊಡ್ಡದು: ಎಲ್ಲ ವೈರೂ ಕೆಂಪು. ಪ್ಲಸ್ಸೂ ಕೆಂಪು, ಸೆನ್ಸರಿನದೂ ಕೆಂಪು, ಅರ್ಥಿಂಗೂ ಕೆಂಪು. ಯಾಕ್ರೀ ಅಂದರೆ ‘ಇವತ್ತು ಕೆಂಪಿಂದು ಒಂದೇ ಬಂಡಲ್ ಐತಿ’ ಅಂದರು. ನಾಳೆ ಅವರಿಲ್ಲದಾಗ ಬೇರೆಯವರು ಕೈ ಹಾಕಿದರೆ ಗತಿಯೇನು? ನಾನೇ ಆಮೇಲೆ ಪ್ರತಿ ತುದಿಗೂ ಬಿಳಿ ಟೇಪ್ ಸುತ್ತಿ ಪೆನ್ನಿನಲ್ಲಿ ಬರೆದೆ. ಇಷ್ಟು ಚೊಕ್ಕ ಕೆಲಸಗಾರರಿಗೆ ಎರಡು ಬಣ್ಣದ ವೈರು ಇಟ್ಟುಕೊಳ್ಳಲು ಏನು ರೋಗ ಅಂತ ಈಗಲೂ ಅನಿಸುತ್ತದೆ.

ಬೇಸಿಗೆ ದಾಟಿದೆ. ನನಗೆ ಇದ್ದ ಹೆದರಿಕೆ ಅದೇ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಸಾಮಾನ್ಯ. ಬಿಸಿಲಿಗೆ ನಿಂತ ಟ್ಯಾಂಕಿನಲ್ಲಿ ಪೆಟ್ರೋಲೇ ಬೆಚ್ಚಗಿರುತ್ತದೆ, ಹಾಗಿರುವಾಗ ಸೆನ್ಸರ್ ಮೋಸ ಹೋಗಿ ಸುಮ್ಮಸುಮ್ಮನೆ ಲೈಟ್ ಹತ್ತಿಸಿದರೆ? ಹತ್ತಿಸಲಿಲ್ಲ. ಬದಲಾಗಿದ್ದು ಇಷ್ಟೇ, ಚಳಿಗಾಲದಲ್ಲಿ ಬಯಲಾದ ಮೇಲೆ ಹತ್ತಲು ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದದ್ದು ಈಗ ಅರ್ಧ ನಿಮಿಷ. ಆ ನಿಧಾನ ಮೊದಮೊದಲು ಕಿರಿಕಿರಿ ಅನಿಸಿತ್ತು. ಆದರೆ ಹೊಲದ ಬದುವಿನ ಮೇಲೆ ಹತ್ತಿ ಇಳಿಯುವಾಗ ಇಷ್ಟು ಚಪ್ಪಟೆ ಟ್ಯಾಂಕಿನಲ್ಲಿ ಪೆಟ್ರೋಲ್ ಆ ಮೂಲೆ ಈ ಮೂಲೆ ಓಡುತ್ತದೆ. ಫ್ಲೋಟ್ ಇದ್ದಿದ್ದರೆ ಲೈಟ್ ಮಿಣಮಿಣ ಅನ್ನುತ್ತಲೇ ಇರುತ್ತಿತ್ತು. ಇದು ಎರಡು ಕ್ಷಣ ಒಣಗಿದರೆ ಲೆಕ್ಕಕ್ಕೇ ಇಡುವುದಿಲ್ಲ. ಒಂದೇ ಎಚ್ಚರ: ಗಾಡಿ ಆನ್ ಮಾಡಿದ ಮೊದಲ ನಿಮಿಷ ಅದನ್ನು ನಂಬಬಾರದು. ಆಗ ಸೆನ್ಸರ್ ಇನ್ನೂ ತಣ್ಣಗಿರುತ್ತದೆ.

ಬೇಕಂತಲೇ ಒಂದು ದಿನ ಲೈಟ್ ಹತ್ತುವವರೆಗೆ ಓಡಿಸಿ, ಎಂಜಿನ್ ಆಫ್ ಮಾಡಿ, ಪೈಪ್ ಬಿಚ್ಚಿ ಉಳಿದದ್ದನ್ನು ಅಳೆದೆ. 2 ಲೀಟರ್ 900 ಮಿಲಿ. ನನ್ನ ಮಿಲ್ಲಿನ ತೂಕದ ಕಾಟಾ ಕೂಡ ಇಷ್ಟು ಬರೋಬ್ಬರಿ ಇರುವುದಿಲ್ಲ, ಯಜಮಾನರಿಗೆ ಹೇಳಬೇಡಿ.

ಕೆಲಸ ಮುಗಿದ ದಿನ ಉಸ್ತಾದರನ್ನು ಕೂರಿಸಿಕೊಂಡು ಹೊಲದ ಸುತ್ತ ಒಂದು ಸುತ್ತು ಹೊಡೆದೆ. ಟೊಪ್ಪಿ ಒಂದು ಕೈಯಲ್ಲಿ, ಸೀಟಿನ ಪೈಪು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಾಯಿ ಬಿಡದೆ ಕೂತಿದ್ದರು. ತಿರುವಿನಲ್ಲಿ ಪಕ್ಕದ ಹೊಲದವರ ಮೇಕೆಗಳು ಅಡ್ಡ ಬಂದವು. ನಾನು ‘ಹೋ, ಹೋ’ ಅಂತ ಕೂಗಿದೆ.

‘ಹಾರ್ನ್ ಎಲ್ಲೈತ್ರಿ?’ ಅಂದರು.

ಹಾಕಿಲ್ಲ ಅಂದೆ.

ಅವರು ಡ್ಯಾಶ್ ಕೆಳಗೆ ಬಗ್ಗಿ ಫ್ಯೂಸಿನ ಹತ್ತಿರ ಜಾಗ ನೋಡಿ, ಟೊಪ್ಪಿ ತಲೆಗೆ ಹಾಕಿಕೊಂಡರು. ‘ತರ್ರಿ. ಶುಕ್ರವಾರ ಬಿಟ್ಟು.’